ಯುರೇಕಾ: ಕೇಳಿದರಷ್ಟೇ ಉತ್ತರಿಸುವ ರೇಡಿಯೋ

ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿಗೆ ಎಲ್ಲರಿಗಿಂತ ಮೊದಲು ಹಾರಿದ ಮಿತ್ರಪಡೆಯ ಪ್ಯಾರಾಟ್ರೂಪರ್‌ಗಳು ಯುರೇಕಾ ಪೆಟ್ಟಿಗೆ ಹೊತ್ತಿದ್ದರು. ಹಿಂದೆ ಬರುವ ವಿಮಾನಗಳಿಗೆ ಇಳಿಯುವ ಜಾಗ ತೋರಿಸುವ ರೇಡಿಯೋ ಅದು. ವಿಮಾನದಲ್ಲಿದ್ದ ರೆಬೆಕ್ಕಾ ಎಂಬ ಜೋಡಿ ಉಪಕರಣ ಪಲ್ಸ್ (ಚುಟುಕು ರೇಡಿಯೋ ಮಿಡಿತ) ಕಳಿಸಿದಾಗ ಮಾತ್ರ ಅದು ಬೇರೊಂದು ಫ್ರೀಕ್ವೆನ್ಸಿಯಲ್ಲಿ ಉತ್ತರಿಸುತ್ತಿತ್ತು. ಹಾಗಾಗಿ ಶತ್ರುವಿಗೆ ಸುಳಿವು ಕಡಿಮೆ. ಪಲ್ಸ್ ಹೋಗಿಬರುವ ಸಮಯದಿಂದ ದೂರದ ಲೆಕ್ಕ: ಕಿಲೋಮೀಟರಿಗೆ ಸುಮಾರು 6.7 ಮೈಕ್ರೊಸೆಕೆಂಡ್. ವಿಮಾನದ ಎಡ, ಬಲ ಆಂಟೆನಾಗಳ ಸಿಗ್ನಲ್ ರೆಬೆಕ್ಕಾದ ಪರದೆಯಲ್ಲಿ ಸಮವಾಗಿ ಕಂಡರೆ ವಿಮಾನ ಯುರೇಕಾದತ್ತ ನೇರ ಹಾದಿಯಲ್ಲಿದೆ.

ಕೆಲಸ 220 ಮೆಗಾಹರ್ಟ್ಸ್ ಆಸುಪಾಸು, ತರಂಗದ ಉದ್ದ ಸುಮಾರು 1.36 ಮೀಟರ್. ಇಂಥ ತರಂಗ ಗುಡ್ಡ ಬಳಸಿಕೊಂಡು ಹೋಗದು. ನಮ್ಮ ಆಗುಂಬೆಯ ಕಣಿವೆಯಲ್ಲಿ, ಒದ್ದೆ ಮರಗಳಡಿ ಇಟ್ಟರೆ ಸಿಗ್ನಲ್ ಅಲ್ಲೇ ಸೊರಗುತ್ತದೆ. ಕೊಡಚಾದ್ರಿಯ ಬೋಳು ನೆತ್ತಿಯಂಥ ಜಾಗವೇ ಬೇಕು, ಆಂಟೆನಾ ನೆಟ್ಟಗೆ ನಿಲ್ಲಬೇಕು.

ನನ್ನ ಪ್ರಕಾರ ಅಸಲಿ ತೊಡಕು ಬೇರೆ. ಹತ್ತಾರು ವಿಮಾನಗಳು ಒಟ್ಟಿಗೆ ಕೇಳಿದರೆ ಯುರೇಕಾಕ್ಕೆ ಉತ್ತರಿಸಲು ಪುರಸೊತ್ತೇ ಇರುವುದಿಲ್ಲ. ಅದಕ್ಕೇ ಗುಂಪಿನ ಮುಂಚೂಣಿ ವಿಮಾನಗಳಷ್ಟೇ ರೆಬೆಕ್ಕಾ ಬಳಸಬೇಕೆಂಬ ಕಟ್ಟಳೆ ಇತ್ತು.