‘ಫುಲ್ ಇನ್ಶೂರೆನ್ಸ್ ಇದೆ ಸರ್’ ಅನ್ನುವುದನ್ನು ನಾನು ಬಿಟ್ಟಿದ್ದು

ಮೈಸೂರಿನಲ್ಲಿ ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ಕೊಡುವ ಆಫೀಸೊಂದರಲ್ಲಿ ನನ್ನ ಕೆಲಸ. ಡಿಎಲ್ ನೋಡುವುದು, ಕೀ ಕೊಡುವುದು, ಗಾಡಿಯ ಸುತ್ತ ವಿಡಿಯೋ ಮಾಡಿಸುವುದು, ವಾಪಸ್ ಬಂದಾಗ ಎಲ್ಲಿ ಗೀರಿದೆ ಅಂತ ಬಗ್ಗಿ ನೋಡುವುದು. ಏನಾದರೂ ಆದರೆ ಕ್ಲೇಮ್ ಕಾಗದ ಹಿಡಿದು ಓಡಾಡುವವನೂ ನಾನೇ.

ಕೌಂಟರಿಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಇನ್ಶೂರೆನ್ಸ್ ಇದೆ ಅಲ್ವಾ?" ಮೊದಲ ಎರಡು ವರ್ಷ ನನ್ನ ಉತ್ತರವೂ ಒಂದೇ. "ಫುಲ್ ಇನ್ಶೂರೆನ್ಸ್ ಇದೆ ಸರ್, ಆರಾಮಾಗಿ ಹೋಗಿ ಬನ್ನಿ." ಸುಳ್ಳು ಹೇಳುತ್ತಿದ್ದೇನೆ ಅಂತ ಅನಿಸಿರಲಿಲ್ಲ. ಪಾಲಿಸಿ ಇತ್ತು, ಅದೂ ಬರೀ ಥರ್ಡ್ ಪಾರ್ಟಿ ಅಲ್ಲ, ನಮ್ಮ ಗಾಡಿಗಾಗುವ ಹಾನಿಯೂ ಸೇರಿದ ಪ್ಯಾಕೇಜ್ ಪಾಲಿಸಿ. ನಾನು ಅದನ್ನು ಒಮ್ಮೆಯೂ ಪೂರ್ತಿ ಓದಿರಲಿಲ್ಲ ಅಷ್ಟೇ.

ಓದುವ ಹಾಗೆ ಮಾಡಿದ್ದು ಕೊಡಗಿನ ಒಂದು ಕಲ್ಲು.

ಒಂದು ಕುಟುಂಬ ಎರಡು ದಿನಕ್ಕೆ ಗಾಡಿ ತಗೊಂಡು ಮಡಿಕೇರಿಗೆ ಹೋಗಿತ್ತು. ಹೋಮ್‌ಸ್ಟೇಗೆ ಇಳಿಯುವ ಮಣ್ಣು ರಸ್ತೆಯಲ್ಲಿ ಅಡಿಗೆ ಕಲ್ಲು ಹೊಡೆದು ಆಯಿಲ್ ಚೇಂಬರ್ ಬಿರುಕು ಬಿಟ್ಟಿದೆ. ಅವರಿಗೆ ಸದ್ದು ಕೇಳಿಸಿದೆ, ಇಳಿದು ನೋಡಿದ್ದಾರೆ, ಕತ್ತಲೆ, ಏನೂ ಕಂಡಿಲ್ಲ. ಮಾರನೇ ದಿನ ಮೈಸೂರಿಗೆ ಹೊರಟು ಸ್ವಲ್ಪ ದೂರ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಹತ್ತಿದೆ. ಮಕ್ಕಳು ಹಿಂದೆ ಕೂತಿದ್ದಾರೆ, ದಾರಿಯಲ್ಲಿ ಗ್ಯಾರೇಜ್ ಕಾಣುತ್ತಿಲ್ಲ, ಕುಶಾಲನಗರದಲ್ಲಿ ತೋರಿಸಿದರಾಯಿತು ಅಂತ ಓಡಿಸಿದ್ದಾರೆ. ಕುಶಾಲನಗರ ಸಿಗಲಿಲ್ಲ. ಸುಂಟಿಕೊಪ್ಪದ ಹತ್ತಿರ ಎಣ್ಣೆ ಸೋರಿಹೋಗಿ ಎಂಜಿನ್ ಸೀಜ್ ಆಗಿ ನಿಂತಿತು.

ಹಾನಿ ನೋಡಿ ಲೆಕ್ಕ ಹಾಕಲು ಇನ್ಶೂರೆನ್ಸ್ ಕಡೆಯ ಸರ್ವೇಯರ್ ಬಂದರು, ವಯಸ್ಸಾದವರು, ಮಾತು ಕಡಿಮೆ. ಗಾಡಿ ಎತ್ತಿಸಿ ಕೆಳಗೆ ಟಾರ್ಚ್ ಬಿಟ್ಟು ನೋಡಿ ಹೇಳಿದರು, "ಚೇಂಬರ್ ಬರೆದುಕೊಡ್ತೀನಿ. ಎಂಜಿನ್ ಆಗಲ್ಲ."

"ಯಾಕ್ ಸರ್, ಎರಡೂ ಒಂದೇ ಕಲ್ಲಿನಿಂದಲೇ ಆಗಿದ್ದಲ್ವಾ?"

"ಕಲ್ಲು ಹೊಡೆದಿದ್ದು ಆಕ್ಸಿಡೆಂಟು. ದೀಪ ಹತ್ತಿದ ಮೇಲೂ ಓಡಿಸಿದ್ದು ಆಕ್ಸಿಡೆಂಟಾ?"

ಆಮೇಲೆ ಪಾಲಿಸಿಯ ಷರತ್ತುಗಳಲ್ಲಿ ಒಂದು ಸಾಲಿನ ಮೇಲೆ ಪೆನ್ನಿಟ್ಟು ತೋರಿಸಿದರು. ಅಪಘಾತವಾದ ಮೇಲೆ ಬೇಕಾದ ರಿಪೇರಿ ಮಾಡಿಸದೆ ಗಾಡಿ ಓಡಿಸಿದರೆ, ಅದರಿಂದ ಜಾಸ್ತಿಯಾದ ಹಾನಿ ಪೂರ್ತಿ ನಿಮ್ಮ ತಲೆಗೆ. ಇದೇ ಲೆಕ್ಕ ನೀರಿಗೂ ಇದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆ ಕಾರುಗಳು ಮುಳುಗಿದವಲ್ಲ, ನೀರಿನಲ್ಲಿ ನಿಂತ ಗಾಡಿಯನ್ನು ಸುಮ್ನೆ ಟೋ ಮಾಡಿಸಿದರೆ ಅದು ಪ್ರವಾಹದ ಹಾನಿ, ಪಾಲಿಸಿಯಲ್ಲಿ ಬರುತ್ತದೆ. ಕೀ ತಿರುಗಿಸಿ ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ನಿನೊಳಗೆ ನೀರು ಎಳೆದುಕೊಂಡಿತೋ, ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ದುಡ್ಡು ಕಟ್ಟಿಲ್ಲದಿದ್ದರೆ ಎಂಜಿನ್ನಿನ ಕ್ಲೇಮ್ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಕೀ ತಿರುಗಿಸುವುದು ಒಂದು ಸೆಕೆಂಡಿನ ಕೆಲಸ.

ಎಂಜಿನ್ ಬಿಲ್ ಲಕ್ಷ ದಾಟಿತು. ನಮ್ಮ ಹತ್ತಿರ ಅವರದು 5,000 ರೂಪಾಯಿ ಡೆಪಾಸಿಟ್. ಆ ಯಜಮಾನರು ಕೌಂಟರಿನ ಮುಂದೆ ನಿಂತು ಕೂಗಾಡಲೂ ಇಲ್ಲ, "ಫುಲ್ ಅಂತ ನೀವೇ ತಾನೇ ಹೇಳಿದ್ದು?" ಅಂದರು. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ತಿಂಗಳುಗಟ್ಟಲೆ ಎಳೆದಾಡಿ ಕೊನೆಗೆ ಅರ್ಧ ಅವರು, ಅರ್ಧ ನಮ್ಮ ಓನರ್ ಹಾಕಿಕೊಂಡರು. ನನಗೆ ಸಿಕ್ಕ ಬೈಗುಳ ಇಲ್ಲಿ ಬೇಡ.

ಆ ಭಾನುವಾರ ಪಾಲಿಸಿ ಮತ್ತು ನಮ್ಮ ಬಾಡಿಗೆ ಕರಾರು ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಓದಿದೆ. ಎರಡೂ ಒಂದೇ ಅಲ್ಲ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಪಾಲಿಸಿ ಗಾಡಿಯ ಓನರ್ ಮತ್ತು ಇನ್ಶೂರೆನ್ಸ್ ಕಂಪನಿಯ ನಡುವಿನದು, ಬಾಡಿಗೆಗೆ ತಗೊಂಡವರ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಅವರು ಸಹಿ ಹಾಕುವುದು ಕರಾರಿಗೆ. ಪಾಲಿಸಿ ಎಷ್ಟು ಕೊಡುವುದಿಲ್ಲವೋ ಅಷ್ಟನ್ನು ಕರಾರು ಅವರಿಂದ ವಸೂಲಿ ಮಾಡುತ್ತದೆ, ವಿಷಯ ಇಷ್ಟೇ.

ದಿನಾ ನೋಡುವ ಬಂಪರ್ ಕಥೆಯನ್ನೇ ತಗೊಳ್ಳಿ. ಬಂಪರ್ ಪ್ಲಾಸ್ಟಿಕ್. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಪಾಲಿಸಿಯಲ್ಲಿ 50% ಸವಕಳಿ ಕಳೆಯುತ್ತಾರೆ, ಗಾಡಿ ಹೊಸದಾದರೂ ಸರಿ. ಗಾಜಿಗೆ ಕಳೆಯುವುದಿಲ್ಲ. ಸವಕಳಿ ಕಳೆಯದೆ ಕೊಡುವ ಜೀರೋ ಡೆಪ್ ಮಾಡಿಸಿದ್ದರೆ ಮಾತು ಬೇರೆ, ನಮ್ಮ ಎಷ್ಟೋ ಗಾಡಿಗಳಿಗೆ ಅದು ಇರಲಿಲ್ಲ. ಟೈರ್ ಇನ್ನೂ ಮಜಾ: ಬರೀ ಟೈರ್ ಒಡೆದರೆ ಏನೂ ಇಲ್ಲ, ಗಾಡಿಗೂ ಅದೇ ಸಮಯದಲ್ಲಿ ಪೆಟ್ಟಾಗಿದ್ದರೆ ಮಾತ್ರ, ಅದೂ ಅರ್ಧ. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದವರೂ ಇದ್ದಾರೆ. ಅದಕ್ಕೂ ಇಲ್ಲ. ಕುಡಿದು ಓಡಿಸಿದ್ದಕ್ಕೆ ಇಲ್ಲ ಅಂತ ಎಲ್ಲರಿಗೂ ಗೊತ್ತು, ಆದರೂ ಬೆಳಗ್ಗೆ ಎದ್ದು ಓಡಿಸಿದರೆ ಪರವಾಗಿಲ್ವಾ ಅಂತ ಕೇಳುತ್ತಾರೆ.

ಎರಡು ಕಾಗದ ಜಗಳ ಆಡುವ ಜಾಗವೂ ಒಂದಿದೆ. ದಾರಿಯಲ್ಲಿ ಸುಸ್ತಾಗಿ ಸ್ನೇಹಿತನ ಕೈಗೆ ಸ್ಟೀರಿಂಗ್ ಕೊಡುತ್ತೀರಿ. ಅವನ ಹತ್ತಿರ ಸರಿಯಾದ ಡಿಎಲ್ ಇದ್ದರೆ ನಮ್ಮ ಪಾಲಿಸಿಯ ಡ್ರೈವರ್ ಷರತ್ತಿಗೆ ತಕರಾರಿಲ್ಲ. ಆದರೆ ಕರಾರಿನಲ್ಲಿ ಡಿಎಲ್ ಕೊಟ್ಟವರು ಮಾತ್ರ ಓಡಿಸಬೇಕು ಅಂತ ಇದೆ. ಇನ್ಶೂರೆನ್ಸ್‌ನವರು ದುಡ್ಡು ಕೊಟ್ಟರೂ ನಾವು ಡೆಪಾಸಿಟ್ ಮುರಿದುಕೊಳ್ಳುತ್ತೇವೆ. ಇದು ನ್ಯಾಯವಾ ಅಂತ ಕೇಳಿದರೆ, ನನಗೂ ಅಷ್ಟೇನೂ ಅನಿಸುವುದಿಲ್ಲ. ಇನ್ನೊಬ್ಬರ ಡಿಎಲ್ಲನ್ನೂ ಮೊದಲೇ ಸೇರಿಸಿಬಿಡಿ, ನಮ್ಮಲ್ಲಿ ಅದಕ್ಕೆ ದುಡ್ಡೂ ಇಲ್ಲ.

ನನಗೆ ಜಾಸ್ತಿ ತಟ್ಟಿದ್ದು ಜೀವದ ವಿಷಯ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಅಂತ ಕೇಳಿರುತ್ತೀರಿ, ಅದು ಓನರೇ ಓಡಿಸುತ್ತಿದ್ದರೆ. ಬಾಡಿಗೆಗೆ ತಗೊಂಡವರು ಓನರ್ ಅಲ್ಲ. ಹಾಗಂತ ಹೊರಗಿನವರೂ ಅಲ್ಲ! ನಮ್ಮ ಇಳಕಲ್ ಕಡೆಯ ಒಂದು ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಬೇರೆಯವರ ಬೈಕ್ ಕೇಳಿ ತಗೊಂಡು ಊರಿಗೆ ಹೊರಟವರು ಮುಂದಿದ್ದ ಎತ್ತಿನಗಾಡಿಗೆ ಡಿಕ್ಕಿಯಾಗಿ ತೀರಿಕೊಂಡರು. ಗಾಡಿ ಎರವಲು ತಗೊಂಡವರು ಓನರ್ ಜಾಗದಲ್ಲೇ ನಿಂತ ಹಾಗೆ, ಆದ್ದರಿಂದ ಮೋಟಾರು ವಾಹನ ಕಾಯ್ದೆಯ ಆಗಿನ 163-ಎ ಕಲಂ ಅಡಿ ಆ ಗಾಡಿಯ ವಿಮೆಯಿಂದ ಪರಿಹಾರ ಕೇಳಲಾಗದು ಎಂದು 2009ರಲ್ಲಿ ಕೋರ್ಟ್ ಹೇಳಿ, ಬೇರೆ ಕಲಂ ಅಡಿ ನೋಡಲು ಹೈಕೋರ್ಟಿಗೆ ವಾಪಸ್ ಕಳಿಸಿತು. ಬಾಡಿಗೆಯವರ ಮೇಲೂ ಇದೇ ವಾದ ಹೂಡಬಹುದು ಅನ್ನುತ್ತಾರೆ ನಮ್ಮ ವಕೀಲರು. ಹಾಗಾಗಿ ನಿಮ್ಮದೇ ಒಂದು ಅಪಘಾತ ವಿಮೆ ಇಟ್ಟುಕೊಳ್ಳಿ ಅಂತ ಈಗ ಗಿರಾಕಿಗಳಿಗೆ ಹೇಳುತ್ತೇನೆ. ನಾನು ಅದನ್ನು ಮಾರುವುದಿಲ್ಲ, ಕಮಿಷನ್ನೂ ಇಲ್ಲ.

ಇನ್ನು ವೈಟ್ ಬೋರ್ಡ್ ಗಾಡಿ. ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟ್, ಹಳದಿ ಅಕ್ಷರ ಇರುತ್ತದೆ. ಪರಿಚಯದವರ ಬಿಳಿ ಪ್ಲೇಟ್ ಗಾಡಿ ದಿನಕ್ಕೆ 500 ಕಮ್ಮಿಗೆ ಸಿಗುತ್ತದೆ ಅಂತ ತಗೊಂಡರೆ, ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಕೊಡುವಂತಿಲ್ಲ ಅಂತ ಮೊದಲ ಪುಟದಲ್ಲೇ ಇದೆ. ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಳ್ಳುವವರು ಅಂದುಕೊಳ್ಳಿ.

ಈಗ "ಇನ್ಶೂರೆನ್ಸ್ ಇದೆ ಅಲ್ವಾ?" ಅಂದರೆ "ಇದೆ, ಯಾವುದಕ್ಕೆ ಇಲ್ಲ ಅಂತ ಎರಡು ನಿಮಿಷ ಹೇಳ್ತೀನಿ" ಅನ್ನುತ್ತೇನೆ. ಅರ್ಧ ಜನ ಫೋನ್ ನೋಡುತ್ತಿರುತ್ತಾರೆ. ಕೆಂಪು ದೀಪಗಳ ಫೋಟೋ ಪ್ರಿಂಟ್ ಹಾಕಿಸಿ ಕೀ ಜೊತೆ ಕೊಡುತ್ತೇನೆ, ಹಿಂದೆ ನನ್ನ ನಂಬರ್ ಬರೆದು.

ಮೊನ್ನೆ ಸಕಲೇಶಪುರದಿಂದ ಒಬ್ಬರು ಫೋನ್ ಮಾಡಿದ್ದರು, ಕಲ್ಲು ಹೊಡೆಯಿತು, ಗಿಂಡಿ ದೀಪ ಹತ್ತಿದೆ, ಏನ್ ಮಾಡ್ಲಿ? ಆಫ್ ಮಾಡಿ, ಮತ್ತೆ ಕೀ ಮುಟ್ಟಬೇಡಿ ಅಂದೆ. ಟೋ ಗಾಡಿ ಕಳಿಸಿದೆವು. ಚೇಂಬರ್ ಒಂದೇ ಹೋಗಿತ್ತು, ಎಂಜಿನ್ ಉಳಿಯಿತು. ಟೋ ಮಾಡಿದ್ದಕ್ಕೆ ನಮ್ಮ ಪಾಲಿಸಿಯಲ್ಲಿ ಸಿಗುವುದು 1,500 ರೂಪಾಯಿ ಮಾತ್ರ, ಮಿಕ್ಕಿದ್ದು ಅವರೇ ಕೊಡಬೇಕಾಯಿತು. ಬಂದು ಕೌಂಟರಿನಲ್ಲಿ ಚೆನ್ನಾಗಿ ಬೈದು ಹೋದರು, "ಇದಕ್ಕೂ ಇಲ್ವೇನ್ರೀ ನಿಮ್ ಇನ್ಶೂರೆನ್ಸು?" ಅಂತ. ಅದೊಂದನ್ನು ಹೇಳಲು ಮರೆತಿದ್ದೆ.