ಶಾನುಭೋಗರು ಬೆಳೆದ ಲೆಕ್ಕ: ಆಸ್ಕರ್ ಮರಿಯ ಮೊದಲ ಆರು ತಿಂಗಳು

ಜೂನ್ 9

ಇವತ್ತು ಆಸ್ಕರ್ ಮೀನಿನ ಮರಿ ಮನೆಗೆ ಬಂತು. ಬಾಲ ಸೇರಿ ನಾಲ್ಕೂವರೆ ಸೆಂಟಿಮೀಟರ್. ಮೈಯೆಲ್ಲ ಕಪ್ಪು, ಅದರ ಮೇಲೆ ಯಾರೋ ಸುಣ್ಣದಲ್ಲಿ ಬೆರಳಾಡಿಸಿದ ಹಾಗೆ ಬಿಳಿ ಗೆರೆಗಳು. ಹೆಸರಿಗೆ ಟೈಗರ್ ಆಸ್ಕರ್. ಹುಲಿ ಬಣ್ಣ ಇನ್ನೂ ಬಂದಿಲ್ಲ.

ಅಂಗಡಿಯವರು ಜೋಡಿ ತಗೊಳ್ಳಿ ಅಂದರು. ಒಂದೇ ಸಾಕು ಅಂದೆ. ನಮ್ಮ ಮನೇಲಿರೋದು ಎರಡಡಿ ಟ್ಯಾಂಕ್ ಅಂದಾಗ, "ಧಾರಾಳ ಆಯ್ತು ಸಾರ್, ಟ್ಯಾಂಕ್ ಎಷ್ಟಿರುತ್ತೋ ಮೀನು ಅಷ್ಟೇ ಬೆಳೆಯುತ್ತೆ" ಅಂದರು. ಈ ಮಾತು ನಂಬಬೇಡಿ. ಆಸ್ಕರ್ ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ಮೀನು. ಚೆನ್ನಾಗಿ ನೋಡಿಕೊಂಡರೆ ಒಂದಡಿ ಬೆಳೆಯುತ್ತದೆ, ಹತ್ತು ವರ್ಷ ಬದುಕುತ್ತದೆ. ಚಿಕ್ಕ ಟ್ಯಾಂಕಿನಲ್ಲಿ ಅದು ಗಿಡ್ಡವಾಗಿ ಉಳಿಯೋದು ಕೆಟ್ಟ ನೀರಲ್ಲಿ ನರಳಿ ನರಳಿ. ನನ್ನ ಟ್ಯಾಂಕಿಗೆ ಹಿಡಿಸೋದು 55 ಲೀಟರ್. ಮೂರು ತಿಂಗಳ ಮಟ್ಟಿಗೆ ಅಂತ ಲೆಕ್ಕ ಹಾಕಿಯೇ ತಂದಿದ್ದೇನೆ. ಮೊದಲು ಗಪ್ಪಿ ಸಾಕುತ್ತಿದ್ದ ಟ್ಯಾಂಕ್, ಹಾಗಾಗಿ ಸ್ಪಂಜ್ ಫಿಲ್ಟರ್ ಹಳೇದು, ನೀರು ಶುದ್ಧ ಮಾಡೋ ಬ್ಯಾಕ್ಟೀರಿಯಾ ಕೂತು ಹದವಾಗಿದೆ.

ನೀರಿಗೆ ಬಿಟ್ಟ ಅರ್ಧ ಗಂಟೆಗೆ ಮರಿ ಮೂಲೆಯಿಂದ ಮೂಲೆಗೆ ಹೋಗಿ ಒಂದೊಂದು ಕಲ್ಲನ್ನೂ ನೋಡಿತು. ಆಮೇಲೆ ಗಾಜಿನ ಹತ್ತಿರ ಬಂದು ಕಣ್ಣು ಹೊರಳಿಸಿ ನಮ್ಮನ್ನು ನೋಡಿತು. "ಶಾನುಭೋಗ್ರು ಜಮೀನು ತನಿಖೆಗೆ ಬಂದ ಹಾಗಿದೆಯಲ್ಲೋ" ಅಂದರು ಅಪ್ಪ. ಅಲ್ಲಿಗೆ ಹೆಸರು ಇಟ್ಟಾಯ್ತು.

ಜೂನ್ 23

ಊಟದ ವ್ಯವಸ್ಥೆ. ದಿನಕ್ಕೆ ಎರಡು ಸಲ ಸಣ್ಣ ಪೆಲೆಟ್, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ಸಿಗಡಿ ಒಳ್ಳೇದು ಅಂತಾರೆ, ಆದರೆ ನಮ್ಮನೆ ಫ್ರಿಜ್ಜಿಗೆ ಸಿಗಡಿ ಬರೋ ಹಾಗಿಲ್ಲ. ಹಾಗಾಗಿ ಹಿತ್ತಲ ಗೊಬ್ಬರದ ಗುಂಡಿಯ ಎರೆಹುಳ. ರಾತ್ರಿಯಿಡೀ ಒದ್ದೆ ಬಟ್ಟೆಯಲ್ಲಿಟ್ಟು, ಹೊಟ್ಟೆಯೊಳಗಿನ ಮಣ್ಣೆಲ್ಲ ಹೋದ ಮೇಲೆ ತೊಳೆದು, ಕತ್ತರಿಸಿ ಹಾಕುತ್ತೇನೆ. ಬದುಕಿರೋ ಗೋಲ್ಡ್‌ಫಿಶ್ ಮರಿ ಹಾಕಿ ಅಂತ ಸಲಹೆ ಕೊಟ್ಟವರೂ ಇದ್ದಾರೆ. ಬೇಡವೇ ಬೇಡ. ಅವುಗಳ ಜೊತೆ ರೋಗ ಬರುತ್ತದೆ. ಅದೂ ಅಲ್ಲದೆ ಅವುಗಳ ಮೈಯಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಹಾಳು ಮಾಡುತ್ತದೆ.

ತೀರ್ಥಹಳ್ಳಿಯಿಂದ ಅತ್ತೆ ಬಂದಿದ್ದರು. ನಾನು ಸ್ನಾನಕ್ಕೆ ಹೋದಾಗ, ಚಿಬ್ಬಲಗುಡ್ಡೆ ದೇವಸ್ಥಾನದ ಹೊಳೆ ಮೀನಿಗೆ ಹಾಕಿದ ಹಾಗೆ ಒಂದು ಹಿಡಿ ಮಂಡಕ್ಕಿ ಸುರಿದಿದ್ದಾರೆ. ಶಾನುಭೋಗರು ಒಂದನ್ನು ಬಾಯಿಗೆ ಹಾಕಿ, ಎಲೆ ಅಡಿಕೆ ಉಗಿದ ಹಾಗೆ ಥೂ ಅಂತ ಉಗಿದರಂತೆ. ಇನ್ನೊಂದು, ಮತ್ತೊಂದು, ಎಲ್ಲವನ್ನೂ ರುಚಿ ನೋಡಿ ಉಗಿದದ್ದೇ. ಅತ್ತೆಗೆ ಬೇಜಾರಾಯ್ತು. "ಸೊಕ್ಕು ನೋಡು ಇದಕ್ಕೆ." ನೆನೆದು ತೇಲುತ್ತಿದ್ದ ಮಂಡಕ್ಕಿಯನ್ನೆಲ್ಲ ಟೀ ಸೋಸುವ ಜಾಲರಿಯಲ್ಲಿ ಎತ್ತಿದೆ. ಜಾಲರಿ ಈಗ ನನ್ನ ಪಾಲಿಗೇ ಬಂದಿದೆ, ಅಮ್ಮ ಹೊಸದು ತಂದರು.

ಜುಲೈ 6

ದೊಡ್ಡ ತಪ್ಪು ಮಾಡಿದೆ. ಬರೆದಿಡಲೇಬೇಕು.

ಶಿವಮೊಗ್ಗದಲ್ಲಿ ನಮಗೆ ಬರೋದು ತುಂಗೆ ನೀರು. ಗಂಗಾ ಸ್ನಾನ ತುಂಗಾ ಪಾನ ಅನ್ನೋದು ಮೀನಿಗೂ ಸಲ್ಲುತ್ತದೆ, ಮೆದು ನೀರು, ಆಸ್ಕರ್‌ಗೆ ಒಗ್ಗುತ್ತದೆ. ಆದರೆ ಮಳೆಗಾಲದಲ್ಲಿ ಹೊಳೆ ಕೆಂಪಾದಾಗ ನಲ್ಲಿಯಲ್ಲೂ ಕದಡು, ಅದರ ಜೊತೆ ಕ್ಲೋರಿನ್ ವಾಸನೆ ಜಾಸ್ತಿ. ಬುಧವಾರ ಸ್ಪಂಜ್ ಕಟ್ಟಿಕೊಂಡಿತ್ತು. ಸುಮ್ನೆ ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ಹಿಂಡಿದೆ. ಬೆಳ್ಳಗಾಯ್ತು. ಖುಷಿಯಾಯ್ತು.

ಸ್ಪಂಜಿನ ಆ ಕಂದು ಕೊಳೆಯಲ್ಲೇ ಬ್ಯಾಕ್ಟೀರಿಯಾ ಇರೋದು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಒಂದು ಗುಂಪು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ, ಸೊನ್ನೆಯಲ್ಲೇ ಇರಬೇಕು. ಮೂರನೆಯದನ್ನು ನೀರು ಬದಲಿಸಿ ತೆಗೆಯಬಹುದು. ಈ ಬ್ಯಾಕ್ಟೀರಿಯಾ ನೆಲೆಯೂರೋಕೆ ನಾಲ್ಕರಿಂದ ಆರು ವಾರ ಬೇಕು. ಕ್ಲೋರಿನ್ ನೀರಲ್ಲಿ ಹಿಂಡಿ ಕೊಲ್ಲೋಕೆ ನನಗೆ ಎರಡು ನಿಮಿಷ ಸಾಕಾಯ್ತು.

ಇವತ್ತು ಬೆಳಿಗ್ಗೆ ಮರಿ ನೀರಿನ ಮೇಲ್ಮಟ್ಟದಲ್ಲಿ ಬಾಯಿ ಬಡಿಯುತ್ತಿತ್ತು. ಕಿವಿರು ಕೆಂಪು, ರೆಕ್ಕೆ ಮೈಗೆ ಅಂಟಿಕೊಂಡಿತ್ತು. ಅಮೋನಿಯಾ ಟೆಸ್ಟ್ ಮಾಡಿದೆ. ಹಳದಿಯಾಗಿಯೇ ಇರಬೇಕಿದ್ದ ಕೊಳವೆ ನಿಧಾನಕ್ಕೆ ಹಸಿರಾಯ್ತು. ಆ ಐದು ನಿಮಿಷ ಅದನ್ನೇ ನೋಡುತ್ತಾ ಕೂತಿದ್ದೆ, ಹಸಿರು ಇನ್ನೂ ಗಾಢವಾಗಬೇಡ ಅಂತ.

ತಕ್ಷಣ ಅರ್ಧ ನೀರು ಬದಲಿಸಿದೆ, ಆಂಟಿ ಕ್ಲೋರಿನ್ ಹಾಕಿದ, ಟ್ಯಾಂಕಿನಷ್ಟೇ ಬಿಸಿಯ ನೀರು. ಸಂಜೆ ಮತ್ತೆ ನೂರಕ್ಕೆ ಮೂವತ್ತು ಭಾಗ. ಊಟ ಬಂದ್. ಗೆಳೆಯನ ಟ್ಯಾಂಕಿನಿಂದ ಕೊಳಕು ಸ್ಪಂಜಿನ ಒಂದು ತುಂಡು ಬೇಡಿ ತಂದೆ. ಕೊಳಕಿಗೋಸ್ಕರ ಸ್ಕೂಟರ್ ತಗೊಂಡು ಊರಾಚೆ ಹೋಗಿದ್ದು ಇದೇ ಮೊದಲು.

ಜುಲೈ 15

ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಇನ್ನು ಮೇಲೆ ಸ್ಪಂಜ್ ತೊಳೆಯೋದು ಟ್ಯಾಂಕಿನಿಂದ ತೆಗೆದ ಹಳೇ ನೀರಲ್ಲಿ, ಬಕೆಟ್‌ನಲ್ಲಿ ಎರಡು ಸಲ ಅದ್ದಿ ಹಿಂಡಿದರೆ ಮುಗೀತು. ಅಳತೆ ಏಳು ಸೆಂಟಿಮೀಟರ್. ಗಾಜಿನ ಹೊರಗೆ ಸ್ಕೂಲ್ ಸ್ಕೇಲ್ ಅಂಟಿಸಿದ್ದೇನೆ. ಶಾನುಭೋಗರು ಅದರ ಮುಂದೆ ನಿಲ್ಲೋ ತನಕ ಕಾಯಬೇಕು, ಅಷ್ಟೇ ಕಷ್ಟ.

ಜುಲೈ 20

ಗಾಳಿ ಮಳೆಗೆ ಎಲ್ಲೋ ಮರ ಬಿದ್ದು ರಾತ್ರಿ ಎಂಟಕ್ಕೆ ಕರೆಂಟ್ ಹೋಯ್ತು. ಹನ್ನೆರಡರ ಹೊತ್ತಿಗೆ ಇನ್ವರ್ಟರ್ ಕೂಡ ಕೈಕೊಟ್ಟಿತು. ಏರ್ ಪಂಪ್ ನಿಂತರೆ ಮೀನಿಗೂ ಉಸಿರಿಲ್ಲ, ಸ್ಪಂಜಿನ ಬ್ಯಾಕ್ಟೀರಿಯಾಗೂ ಇಲ್ಲ. ಮಗ್ಗಿನಲ್ಲಿ ನೀರು ತೆಗೆದು ಒಂದಡಿ ಮೇಲಿಂದ ಸುರಿಯೋದು, ಹತ್ತು ನಿಮಿಷ ಬಿಟ್ಟು ಮತ್ತೆ. ಎರಡು ಗಂಟೆಗೆ ಅಪ್ಪ ಎದ್ದು ಬಂದು ಏನೂ ಕೇಳದೆ ಮಗ್ಗು ಇಸಿದುಕೊಂಡರು. ಕರೆಂಟ್ ಬಂದಿದ್ದು ಆರೂಕಾಲಿಗೆ. ಬ್ಯಾಟರಿ ಏರ್ ಪಂಪ್ ಆರ್ಡರ್ ಮಾಡಿದ್ದೇನೆ.

ಆಗಸ್ಟ್ 25

ಅಳತೆ ಒಂಬತ್ತೂವರೆ ಸೆಂಟಿಮೀಟರ್. ಬಿಳಿ ಗೆರೆ ಮಾಸಿ, ಹೊಟ್ಟೆ ಬದಿಯಲ್ಲಿ ಕೆಂಡದ ಬಣ್ಣ ಇಣುಕುತ್ತಿದೆ. ಬಾಲದ ಬುಡದಲ್ಲಿ ಕಿತ್ತಳೆ ಉಂಗುರದೊಳಗೆ ಕಪ್ಪು ಚುಕ್ಕೆ ಮೂಡಿದೆ, ಥೇಟ್ ಕಣ್ಣು. ಪಿರಾನಾದಂಥ ಬಾಲ ಕಚ್ಚುವ ಮೀನುಗಳನ್ನು ಏಮಾರಿಸೋಕೆ ಅಂತಾರೆ. ವೈಜ್ಞಾನಿಕ ಹೆಸರಿನ ಒಸೆಲಾಟಸ್ ಅನ್ನೋ ಭಾಗವೂ ಈ ಕಣ್ಣಿಗೇ ಸೇರಿದ್ದು.

ನೀರು ಬದಲಿಸಿ ಎರಡೇ ದಿನಕ್ಕೆ ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟುತ್ತಿದೆ. ಇದು ಹೀಗೇ ಇದ್ದರೆ ತಲೆಯಲ್ಲಿ ತೂತು ಬೀಳುವ ಕಾಯಿಲೆ ದೂರ ಇಲ್ಲ. ಕೆಟ್ಟ ನೀರಲ್ಲಿರೋ ಆಸ್ಕರ್‌ಗಳಿಗೆ ಅದು ಬರೋದು ಮಾಮೂಲು. ಮೂರು ತಿಂಗಳ ಗಡುವು ಮುಗೀತಾ ಬಂತು.

ಮಾವ ಫೋನಲ್ಲಿ, "ಅಷ್ಟು ಕಷ್ಟ ಯಾಕೆ, ತುಂಗೆಗೆ ಬಿಟ್ಟುಬಿಡು, ಪುಣ್ಯ ಬರುತ್ತೆ" ಅಂದರು. ಅಮೆರಿಕದ ಫ್ಲೋರಿಡಾದಲ್ಲಿ ಹೀಗೆ ಹೊರಗೆ ಬಿದ್ದ ಆಸ್ಕರ್‌ಗಳು ಈಗ ಅಲ್ಲಿನ ಕಾಲುವೆಗಳಲ್ಲೇ ಸಂಸಾರ ಹೂಡಿವೆ. ಬಾಯಿಗೆ ಹಿಡಿಸೋ ಮೀನನ್ನೆಲ್ಲ ನುಂಗುವ ಪ್ರಾಣಿ ಇದು. ನಮ್ಮ ಹೊಳೆಗೆ ಬೇಡ ಮಾವ.

ಸೆಪ್ಟೆಂಬರ್ 22

ನಾಲ್ಕಡಿ ಟ್ಯಾಂಕ್ ಬಂತು. ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, 250 ಲೀಟರಿಗೆ ಸ್ವಲ್ಪ ಜಾಸ್ತಿ. ನೀರೇ ಕಾಲು ಟನ್. ವೆಲ್ಡಿಂಗ್ ಮಾಡಿಸಿದ ಆಂಗಲ್ ಸ್ಟ್ಯಾಂಡು, ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮೋಕೋಲ್. ನಮ್ಮ ಹಾಲ್ ರೆಡ್ ಆಕ್ಸೈಡ್ ನೆಲ, ಒಂದು ಕಡೆ ತಗ್ಗು. ರಸಮಟ್ಟ ಇಟ್ಟು ನೋಡಿ ಕಾಲಿಗೆ ತಗಡು ಕೊಟ್ಟು ಸರಿ ಮಾಡೋಕೆ ಅರ್ಧ ದಿನ ಹೋಯ್ತು. ಹಳೇ ಸ್ಪಂಜ್‌ಗಳೆರಡನ್ನೂ ಹೊಸ ಫಿಲ್ಟರ್ ಪಕ್ಕದಲ್ಲೇ ಇಟ್ಟಿದ್ದೇನೆ.

ಮೀನು ಬಿಟ್ಟ ಹತ್ತು ನಿಮಿಷಕ್ಕೆ ಅಮ್ಮ ಅಡುಗೆಮನೆಯಿಂದ ಬಂದು ನೋಡಿ, "ಅಯ್ಯೋ, ಶಾನುಭೋಗ್ರು ಹೋಗ್ಬಿಟ್ರು!" ಅಂದರು. ತಳದಲ್ಲಿ ಅಡ್ಡಡ್ಡ ಮಲಗಿತ್ತು, ಬಣ್ಣವೆಲ್ಲ ಬಿಳಿಚಿಕೊಂಡು. ನನಗೂ ಎದೆ ಧಸಕ್ಕೆಂದಿತು. ಆದರೆ ಕಿವಿರು ಸಮನಾಗಿ ಆಡುತ್ತಿತ್ತು, ಕಣ್ಣು ನನ್ನ ಕಡೆ ಹೊರಳಿತು. ಬರೀ ಕೋಪ. ಜಾಗ ಬದಲಾದರೆ ಆಸ್ಕರ್‌ಗಳು ಹೀಗೆ ಮುನಿಸಿಕೊಂಡು ಮಲಗುತ್ತವೆ ಅಂತ ಓದಿದ್ದೆ, ನೋಡಿರಲಿಲ್ಲ. ಎರಡು ದಿನ ಊಟ ಬಿಟ್ಟಿತು. ಮೂರನೇ ದಿನ ಒಂದು ಎರೆಹುಳ ತೋರಿಸಿದ್ದೇ ತಡ, ಎದ್ದು ಬಂತು.

ಡಿಸೆಂಬರ್ 8

ಹದಿನೈದು ಸೆಂಟಿಮೀಟರಿಗೆ ಕೂದಲೆಳೆ ಕಮ್ಮಿ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲು, ನೈಟ್ರೇಟ್ 20ರ ಆಚೀಚೆ. ಹೊಟ್ಟೆ ಉಬ್ಬಿದ ಹಾಗೆ ಕಂಡಾಗ ಒಂದು ದಿನ ಉಪವಾಸ, ಮಾರನೇ ದಿನ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ. ಅದನ್ನು ಮಾತ್ರ ಉಗಿಯೋಲ್ಲ.

ಚಳಿಗೆ ನೀರು 22 ಡಿಗ್ರಿಗೆ ಇಳಿದಿತ್ತು. ಹೀಟರ್ ಹಾಕಿ 26ಕ್ಕೆ ತಂದೆ. ಶಾನುಭೋಗರಿಗೆ ಆ ಜಾಗದಲ್ಲಿ ಹೀಟರ್ ಇರೋದು ಒಪ್ಪಿಗೆಯಿಲ್ಲ. ಮೂತಿಯಿಂದ ನೂಕಿ ನೂಕಿ ರಬ್ಬರ್ ಕಪ್ ಕಿತ್ತು, ಎರಡು ಸಲ ಕಲ್ಲಿನ ಮೇಲೆ ಕೆಡವಿಯಾಯ್ತು. ಗಾಜಿನ ಹೀಟರ್ ಒಡೆದರೆ ಕಥೆ ಮುಗೀತು. ಸದ್ಯಕ್ಕೆ ತೂತು ಕೊರೆದ ಪಿವಿಸಿ ಪೈಪಿನೊಳಗೆ ಕೂರಿಸಿದ್ದೇನೆ. ಇವತ್ತು ಬೆಳಿಗ್ಗೆಯಿಂದ ಪೈಪಿನ ಸುತ್ತ ತನಿಖೆ ನಡೀತಿದೆ. ಮುಂದಿನ ಅಳತೆ ಸಂಕ್ರಾಂತಿಗೆ.