ಪ್ರತಿ ಸಲ ಬೇರೆ ಹೆಸರು

ಮಂಗಳವಾರ ರಾತ್ರಿ ಊಟದ ಹೊತ್ತಿಗೆ ಮೇಲಿನ ಮನೆಯ ಹುಡುಗ ಮೊಬೈಲು ಹಿಡಿದುಕೊಂಡು ಕೆಳಗಿಳಿದು ಬಂದ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. “ಅಣ್ಣ, ಈ ಪೋಕರ್ ಆ್ಯಪ್ ಸ್ವಲ್ಪ ನೋಡಿ ಹೇಳಿ. ಎಲೆ ಕಲೆಸೋದ್ರಲ್ಲೇ ಏನೋ ಮಾಡ್ತಾರೆ ಅನ್ಸತ್ತೆ. ಎರಡು ಸಲ ಎಕ್ಕದ ಜೋಡಿ ಇಟ್ಕೊಂಡು ಸೋತೆ,” ಅಂದ. ಪರದೆಯ ತಳದಲ್ಲಿ ಹಸಿರು ಮುದ್ರೆಯ ಸರ್ಟಿಫಿಕೇಟು ಇತ್ತು, ಎಲೆ ಕಲೆಸುವ ಕ್ರಮವನ್ನು ಪರೀಕ್ಷಿಸಲಾಗಿದೆ ಅಂತ. ಒತ್ತಿದರೆ ಎಲ್ಲಿಗೂ ಹೋಗಲಿಲ್ಲ, ಬರೀ ಚಿತ್ರ. ನಿಜವಾದ ಮುದ್ರೆಯಾದರೆ ಒತ್ತಿದ ಕೂಡಲೇ ಪರೀಕ್ಷಿಸಿದ ಲ್ಯಾಬಿನ ಪುಟ ತೆರೆಯಬೇಕು. ಅಲ್ಲಿ ಸೈಟಿನ ಹೆಸರು, ಸಾಫ್ಟ್‌ವೇರಿನ ಆವೃತ್ತಿ, ತಾರೀಖು ಇರಬೇಕು.

ನಾನು ಕೇಳಿದ್ದು ಬೇರೆ. “ದುಡ್ಡು ಹಾಕುವಾಗ ಯುಪಿಐನಲ್ಲಿ ಯಾರ ಹೆಸರು ಬರತ್ತೆ?”

“ಪ್ರತಿ ಸಲ ಬೇರೆ ಹೆಸರು ಬರತ್ತೆ. ಅದೇನ್ ಪ್ರಾಬ್ಲಮ್ ಇಲ್ಲ ಅಣ್ಣ, ತಕ್ಷಣ ದುಡ್ಡಿನ ಬದಲು ಆಡೋ ಚಿಪ್ಸ್ ಬಂದ್ಬಿಡತ್ತೆ.”

ಈ ವಾರವೆಲ್ಲ ಆ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಅವನು ಅಷ್ಟು ನಿರಾಳವಾಗಿ ಹೇಳಿದ. ಎಲೆಯ ಬಗ್ಗೆ ಅನುಮಾನ, ಹೆಸರಿನ ಬಗ್ಗೆ ನಂಬಿಕೆ. ಎರಡೂ ಅದಲುಬದಲಾಗಿತ್ತು.

ಅವನ ಅನುಮಾನಕ್ಕೆ ಮೊದಲು ಉತ್ತರ ಕೊಡಬೇಕು, ಯಾಕೆಂದರೆ ಅದು ದಡ್ಡ ಅನುಮಾನವಲ್ಲ. ಈ ಆಟದಲ್ಲಿ ಮೊದಲು ಪ್ರತಿಯೊಬ್ಬರ ಕೈಗೂ ಎರಡು ಮುಚ್ಚಿದ ಎಲೆ ಬರುತ್ತವೆ. ಎದುರಿಗೆ ರಾಜನ ಜೋಡಿ ಇದ್ದರೂ ಎಕ್ಕದ ಜೋಡಿ ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಹಾಗೆಂದರೆ ಐದಾರು ಸಲಕ್ಕೊಮ್ಮೆ ಸೋಲುವುದು ಲೆಕ್ಕದೊಳಗೇ ಇದೆ. ಮನೆಯ ಜಗಲಿಯಲ್ಲಿ ಕೈಯಾರೆ ಹಂಚಿ ಆಡಿದರೆ ಗಂಟೆಗೆ ಇಪ್ಪತ್ತೈದು ಮೂವತ್ತು ಆಟ. ಮೊಬೈಲಿನಲ್ಲಿ ಒಂದೇ ಟೇಬಲ್ಲಿಗೆ ಅರವತ್ತು ಎಪ್ಪತ್ತು. ಕೆಟ್ಟ ಸೋಲುಗಳೂ ಅದೇ ವೇಗದಲ್ಲಿ ಬರುತ್ತವೆ, ನೆನಪಿನಲ್ಲಿ ಉಳಿಯುವುದೂ ಅವೇ. ನಿಜವಾಗಿ ಅಳೆಯಬೇಕಾದರೆ ಪ್ರತಿ ಆಟದ ಪಠ್ಯ ದಾಖಲೆ ಬೇಕು: ಆಟದ ಸಂಖ್ಯೆ, ಸಮಯ, ಯಾರ ಮುಂದೆ ಎಷ್ಟು ಚಿಪ್ಸ್, ಯಾರು ಏನು ಮಾಡಿದರು, ಸೈಟು ಎಷ್ಟು ಕಡಿತ ಮಾಡಿತು. ಹತ್ತು ಸಾವಿರ ಆಟ ಕೂಡಿಸಿದರೆ ಯಾವುದಾದರೂ ಜೋಡಿ ಕೈಗೆ ಬರುವುದು ಸುಮಾರು 588 ಸಲ, ಹದಿನೇಳರಲ್ಲಿ ಒಂದರಂತೆ. 541ರಿಂದ 635ರವರೆಗೆ ಬಂದರೂ ಚಿಂತೆಯಿಲ್ಲ. ಎಕ್ಕದ ಜೋಡಿ 221 ಆಟಕ್ಕೊಮ್ಮೆ, ಅಂದರೆ ಹತ್ತು ಸಾವಿರಕ್ಕೆ 45. ಅದು 32ಕ್ಕಿಳಿದರೂ 58ಕ್ಕೇರಿದರೂ ಮೋಸವೆನ್ನಲಾಗದು. ಈ ಹುಡುಗ ಆಡಿದ್ದು ಒಟ್ಟು ಆರುನೂರು ಆಟ. ಜೊತೆಗೆ ಆ ಆ್ಯಪು ಪಠ್ಯ ದಾಖಲೆ ಕೊಡುವುದೇ ಇಲ್ಲ, ಕೊನೆಯ ಇಪ್ಪತ್ತು ಆಟಗಳನ್ನು ಚಿತ್ರದಂತೆ ಮತ್ತೆ ಓಡಿಸಿ ತೋರಿಸುತ್ತದೆ ಅಷ್ಟೇ. ಎಣಿಸಲು ಬಿಡದ ಸೈಟನ್ನು ನಾನು ಅಲ್ಲಿಗೇ ಕೆಳಗಿಡುತ್ತೇನೆ.

ಕಲೆಸುವುದರಲ್ಲಿ ತಪ್ಪಾಗುವುದೇ ಇಲ್ಲವೇ? ಆಗಿದೆ. 1998ರ ಜನವರಿಯಲ್ಲಿ ನಿಜವಾದ ದುಡ್ಡಿನ ಆಟ ಶುರುಮಾಡಿದ ಪ್ಲಾನೆಟ್ ಪೋಕರ್ ಬಳಸುತ್ತಿದ್ದ ಸಾಫ್ಟ್‌ವೇರಿನಲ್ಲೇ ಆಗಿತ್ತು. ತಮ್ಮ ಕಲೆಸುವಿಕೆ ಎಷ್ಟು ನ್ಯಾಯವಾದದ್ದು ಎಂದು ತೋರಿಸಲು ಅದನ್ನು ಬರೆದವರು ಕೋಡನ್ನೇ ಪ್ರಕಟಿಸಿದ್ದರು. 1999ರಲ್ಲಿ ಅಮೆರಿಕದ ಕೆಲವು ಭದ್ರತಾ ತಜ್ಞರು ಅದನ್ನು ಓದಿ ತಪ್ಪು ಹಿಡಿದರು. ಐವತ್ತೆರಡು ಎಲೆಗಳನ್ನು ಜೋಡಿಸುವ ವಿಧಗಳ ಸಂಖ್ಯೆ ಬರೆಯಹೊರಟರೆ 8ರ ಮುಂದೆ 67 ಸೊನ್ನೆ ಇಡಬೇಕು. ಆ ಸಾಫ್ಟ್‌ವೇರು ಮಾತ್ರ ಕಲೆಸುವಿಕೆಯ ಬೀಜವನ್ನು, ಅಂದರೆ ಯಾವ ಜೋಡಣೆ ಬರಬೇಕೆಂದು ನಿರ್ಧರಿಸುವ ಆರಂಭದ ಸಂಖ್ಯೆಯನ್ನು, ಸರ್ವರಿನ ಗಡಿಯಾರದಿಂದ, ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳಿಂದ ತೆಗೆದುಕೊಳ್ಳುತ್ತಿತ್ತು. ದಿನಕ್ಕೆ ಇರುವುದೇ 8 ಕೋಟಿ 64 ಲಕ್ಷ ಮಿಲಿಸೆಕೆಂಡು. ತಮ್ಮ ಗಡಿಯಾರವನ್ನು ಸರ್ವರಿನದಕ್ಕೆ ಹೊಂದಿಸಿದ ಮೇಲೆ ಹುಡುಕಬೇಕಾದ ಸಾಧ್ಯತೆಗಳು ಸುಮಾರು ಎರಡು ಲಕ್ಷಕ್ಕೆ ಇಳಿದವು. ಕೈಯಲ್ಲಿನ ಎರಡು ಎಲೆ, ಫ್ಲಾಪಿನ, ಅಂದರೆ ಟೇಬಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಮೊದಲು ತೆರೆಯುವ, ಮೂರು ಎಲೆ ಕೊಟ್ಟರೆ ಸಾಕು, ಉಳಿದ ಎಲ್ಲರ ಎಲೆ ಏನೆಂದು ಅವರ ಪ್ರೋಗ್ರಾಂ ಹೇಳುತ್ತಿತ್ತು.

ಅದೇ ಕೋಡಿನಲ್ಲಿ ಇನ್ನೊಂದು ತಪ್ಪು ಇತ್ತು, ಇವತ್ತಿಗೂ ಹೊಸಬರು ಮಾಡುವಂಥದ್ದು. ಪ್ರತಿ ಎಲೆಯನ್ನೂ ಇಡೀ ಕಟ್ಟಿನ ಯಾವುದೋ ಎಲೆಯ ಜೊತೆ ಅದಲುಬದಲು ಮಾಡುತ್ತಾ ಹೋಗುವುದು. ಮೂರೇ ಎಲೆ ಇಟ್ಟು ನೋಡಿ. ಹೀಗೆ ಮಾಡಿದರೆ 27 ದಾರಿಗಳು, ಆದರೆ ಮೂರು ಎಲೆಯ ಜೋಡಣೆಗಳು ಆರೇ. 27ನ್ನು ಆರಕ್ಕೆ ಸಮನಾಗಿ ಹಂಚಲಾಗುವುದಿಲ್ಲ, ಹಾಗಾಗಿ ಕೆಲವು ಜೋಡಣೆ ಹೆಚ್ಚು ಬಂದೇ ಬರುತ್ತವೆ. ಸರಿಯಾದ ಕ್ರಮದಲ್ಲಿ ಒಮ್ಮೆ ಇಟ್ಟ ಎಲೆಯನ್ನು ಮತ್ತೆ ಮುಟ್ಟುವುದಿಲ್ಲ, ಉಳಿದವುಗಳಲ್ಲಿ ಮಾತ್ರ ಆರಿಸಬೇಕು. ಲ್ಯಾಬಿನ ಸರ್ಟಿಫಿಕೇಟು ನೋಡುವುದು ಇಂಥವನ್ನು. ಅಷ್ಟಕ್ಕೆ ಅದು ನಿಜವಾಗಿಯೂ ಬೆಲೆಯುಳ್ಳದ್ದು.

ಆದರೆ ಚೆನ್ನಾಗಿ ಕಲೆಸಿದ ಎಲೆಗಳನ್ನು ಯಾರು ಯಾರು ನೋಡುತ್ತಿದ್ದಾರೆ ಎಂಬುದನ್ನು ಅದು ಹೇಳದು. 2007ರಲ್ಲಿ ಅಬ್ಸಲ್ಯೂಟ್ ಪೋಕರ್‌ನಲ್ಲಿ ಸಾವಿರ ಡಾಲರ್ ಪ್ರವೇಶದ ಟೂರ್ನಿಯೊಂದು ನಡೆಯಿತು. ಎರಡನೇ ಸ್ಥಾನ ಬಂದವರು ಅನುಮಾನಪಟ್ಟು ಆಟದ ದಾಖಲೆ ಕೇಳಿದರು. ಸೈಟಿನವರು ಕಳಿಸಿದ ಕಡತದಲ್ಲಿ ಎಲ್ಲ ಆಟಗಾರರ ಮುಚ್ಚಿದ ಎಲೆಗಳೂ, ಟೇಬಲ್ಲಿಗೆ ಬಂದು ನೋಡುತ್ತಿದ್ದವರ ವಿವರವೂ ಇದ್ದವು. ಆಟಗಾರರೇ ಕೂತು ಸಾಲುಸಾಲು ಓದಿದರು. ಗೆದ್ದವನು ಮೊದಲ ಎರಡು ಕೈ ಬಿಟ್ಟಿದ್ದ, ಅಂದರೆ ಪಣ ಕಟ್ಟದೆ ಎಲೆ ಕೆಳಗಿಟ್ಟಿದ್ದ. ಆಮೇಲೆ 363 ಎಂಬ ಸಂಖ್ಯೆಯ ವೀಕ್ಷಕ ಖಾತೆ ಟೇಬಲ್ಲಿಗೆ ಬಂತು. ಅಲ್ಲಿಂದ ಸುಮಾರು ಇಪ್ಪತ್ತು ನಿಮಿಷ ಫ್ಲಾಪಿಗೆ ಮುಂಚೆ ಒಂದೂ ಕೈ ಬಿಡಲಿಲ್ಲ. ಕೊನೆಯ ಕೈಯಲ್ಲಿ ಜೋಡಿ ಕೂಡ ಇಲ್ಲದೆ ಬರೀ ಹತ್ತರ ಎಲೆ ನಂಬಿ ಎಲ್ಲ ಚಿಪ್ಸಿಗೆ ಕಾಲ್ ಮಾಡಿದ, ಅಂದರೆ ಎದುರಾಳಿಯ ಪಣಕ್ಕೆ ಸಮನಾಗಿ ಹಾಕಿದ, ಎದುರಿಗಿದ್ದುದು ಒಂಬತ್ತರ ಎಲೆ. ಸೋದರ ಸೈಟಾದ ಅಲ್ಟಿಮೇಟ್‌ಬೆಟ್‌ನಲ್ಲೂ ಎಲ್ಲರ ಎಲೆ ಕಾಣುವ ಇದೇ ಬಗೆಯ ಖಾತೆಗಳು 2008ರಲ್ಲಿ ಹೊರಬಿದ್ದವು. ಎಲೆ ಕಲೆಸಿದ್ದರಲ್ಲಿ ಎಲ್ಲೂ ಲೋಪವಿರಲಿಲ್ಲ. ಸರ್ವರು ಪ್ರತಿಯೊಬ್ಬನ ಫೋನಿಗೆ ಅವನ ಎರಡೇ ಎಲೆ ಕಳಿಸಬೇಕು, ಸಿಬ್ಬಂದಿಗೂ ಆಟ ಮುಗಿಯುವವರೆಗೆ ಏನೂ ಕಾಣಬಾರದು. ಇದನ್ನು ಹೊರಗಿನಿಂದ ನಾವು ಪರೀಕ್ಷಿಸಲಾಗದು. ಪ್ರಶ್ನೆ ಬಂದ ದಿನ ದಾಖಲೆ ಕೇಳಿ ಪಡೆಯುವ ಅಧಿಕಾರ ಇರುವ ನಿಯಂತ್ರಕರು ಆ ಸೈಟಿನ ಮೇಲೆ ಇದ್ದಾರೋ ಇಲ್ಲವೋ ಎಂಬುದನ್ನು ಮಾತ್ರ ನೋಡಬಹುದು.

ಸಾಫ್ಟ್‌ವೇರು ಹೇಗಿದೆ ಅಂತ ಅವನ ಫೋನಿನಲ್ಲೇ, ದುಡ್ಡಿಲ್ಲದ ಅಭ್ಯಾಸದ ಟೇಬಲ್ಲಿನಲ್ಲಿ ಒಂದಷ್ಟು ನೋಡಿದೆ. ನಾನು ಮೊದಲು ಮುಟ್ಟುವುದು ಸೈಡ್ ಪಾಟನ್ನು. ಪಾಟ್ ಅಂದರೆ ಪಣದ ರಾಶಿ, ಕಡಿಮೆ ಚಿಪ್ಸ್ ಇದ್ದವನು ಹಾಕಿದ್ದಕ್ಕಿಂತ ಮೇಲೆ ಉಳಿದವರು ಹಾಕಿದ್ದರ ಬೇರೆ ರಾಶಿಯೇ ಸೈಡ್ ಪಾಟ್. ಮೂವರು ಆಲ್ ಇನ್ ಅನ್ನಿ, ಅಂದರೆ ಇದ್ದದ್ದನ್ನೆಲ್ಲ ಪಣಕ್ಕೆ ಹಾಕಿದರು, ಒಬ್ಬನದು 100, ಒಬ್ಬನದು 250, ಇನ್ನೊಬ್ಬನದು 400. ಮುಖ್ಯ ಪಾಟ್ 300, ಸೈಡ್ ಪಾಟ್ 300, ಉಳಿದ 150ಕ್ಕೆ ಎದುರಾಳಿಯೇ ಇಲ್ಲ, ಅದು ವಾಪಸ್ ಹೋಗಬೇಕು. ರೇಕ್, ಅಂದರೆ ಸೈಟಿನ ಕಡಿತ, ಹಿಡಿಯಬೇಕಾದ್ದು 600ಕ್ಕೆ. ಈ ಆ್ಯಪು 750ಕ್ಕೆ ಶೇಕಡಾ 5 ಹಿಡಿದು 37.50 ತೆಗೆದುಕೊಂಡಿತು, ನ್ಯಾಯವಾಗಿ 30 ಆಗಬೇಕಿತ್ತು. ರೇಕಿನ ಮೇಲಿನ ಮಿತಿಯನ್ನೂ ಎಲ್ಲೂ ಬರೆದಿಲ್ಲ. ಮಿತಿ ಇಲ್ಲದಿದ್ದರೆ ಇಪ್ಪತ್ತು ಸಾವಿರದ ಪಾಟಿನಲ್ಲಿ ಸಾವಿರ ಹೋಗುತ್ತದೆ. ಫ್ಲಾಪ್ ಬರುವ ಮೊದಲೇ ಮುಗಿದ ಆಟಕ್ಕೆ ರೇಕ್ ಹಿಡಿಯದಿರುವುದು ಒಳ್ಳೆಯ ಸೈಟುಗಳ ವಾಡಿಕೆ, ಇಲ್ಲಿ ಅದಕ್ಕೂ ಹಿಡಿದರು.

ಆಮೇಲೆ ‘ಕಾಲ್ 20’ ಅಂತ ಮುಂಚಿತವಾಗಿ ಗುರುತು ಹಾಕಿಟ್ಟೆ. ನನ್ನ ಸರದಿಗೆ ಮುಂಚೆ ಯಾರೋ 200ಕ್ಕೆ ಏರಿಸಿದರು. ಗುರುತು ತಾನಾಗಿ ಅಳಿಯಬೇಕು. ಅಳಿಯಲಿಲ್ಲ, 200 ಹೋಯಿತು. ಏರೋಪ್ಲೇನ್ ಮೋಡ್ ಹಾಕಿ ಹದಿನೈದು ಸೆಕೆಂಡು ಬಿಟ್ಟು ತೆಗೆದಾಗ ಅದೇ ಆಟಕ್ಕೆ, ಉಳಿದ ಸಮಯಕ್ಕೆ ವಾಪಸ್ ಕೂರಿಸಬೇಕಿತ್ತು. ಲಾಗಿನ್ ಪುಟಕ್ಕೆ ಎಸೆಯಿತು. ಅಷ್ಟರಲ್ಲಿ ಕೈ ಫೋಲ್ಡ್ ಆಗಿತ್ತು, ಅಂದರೆ ಆ ಆಟ ಬಿಟ್ಟಂತಾಗಿತ್ತು. ಮಳೆಗಾಲದಲ್ಲಿ ನೆಟ್ ಹೋಗಿಬರುವ ನಮ್ಮ ಬೀದಿಯಂಥಲ್ಲಿ ಇದೊಂದೇ ತಿಂಗಳಿಗೆ ಎಷ್ಟೋ ಕೈ ತಿನ್ನುತ್ತದೆ.

ಇಷ್ಟೆಲ್ಲ ನೋಡುವಾಗಲೂ ಹಿಂದೆ ಅದೇ ಮಾತು. ಪ್ರತಿ ಸಲ ಬೇರೆ ಹೆಸರು ಬರತ್ತೆ.

ದುಡ್ಡು ಎಲ್ಲಿದೆ ಎಂಬ ಪ್ರಶ್ನೆಯಲ್ಲಿ ದೊಡ್ಡವರೂ ಮುಳುಗಿದ್ದಾರೆ. ಫುಲ್ ಟಿಲ್ಟ್ ಪೋಕರ್‌ನ ಸಾಫ್ಟ್‌ವೇರನ್ನು ಆ ಕಾಲದಲ್ಲಿ ಹೊಗಳದವರಿರಲಿಲ್ಲ. 2011ರ ಏಪ್ರಿಲ್ 15ರಂದು ಅಮೆರಿಕದ ಸರ್ಕಾರ ದೊಡ್ಡ ಸೈಟುಗಳಿಗೆ ಬೀಗ ಹಾಕಿತು. ಫುಲ್ ಟಿಲ್ಟ್ ಆಟಗಾರರಿಗೆ ಕೊಡಬೇಕಾದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದುದು ಸುಮಾರು 6 ಕೋಟಿ ಎಂದು ಅಲ್ಲಿನ ಸರ್ಕಾರಿ ವಕೀಲರು ಆ ವರ್ಷವೇ ಹೇಳಿದರು. ಆಟಗಾರರ ದುಡ್ಡು ಕಂಪನಿಯ ಖರ್ಚಿನ ದುಡ್ಡಿನ ಜೊತೆ ಕಲೆತುಹೋಗಿತ್ತು. ಬ್ರಿಟನ್ನಿನಲ್ಲಿ ಈಗ ಪ್ರತಿ ಸೈಟೂ ಕಂಪನಿ ಮುಳುಗಿದರೆ ಆಟಗಾರರ ದುಡ್ಡಿಗೆ ರಕ್ಷಣೆ ಇಲ್ಲವೇ, ಮಧ್ಯಮವೇ, ಹೆಚ್ಚೇ ಎಂದು ಬರೆದು ತಿಳಿಸಲೇಬೇಕು. ನಿಯಮಗಳ ಪುಟದಲ್ಲಿ ನಾನು ಮೊದಲು ಹುಡುಕುವುದು ಈ ಒಂದು ಸಾಲನ್ನು.

ನಮ್ಮಲ್ಲಿ ಆ ಸಾಲಿಗೆ ಈಗ ಜಾಗವೇ ಇಲ್ಲ. ಆನ್‌ಲೈನ್ ದುಡ್ಡಿನ ಆಟಗಳ ಮೇಲೆ ಕರ್ನಾಟಕ 2021ರಲ್ಲಿ ತಂದ ನಿಷೇಧದ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲದೆ ಆನ್‌ಲೈನ್ ದುಡ್ಡಿನ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ದೇಶದ ದೊಡ್ಡ ಸೈಟುಗಳು ಆಗಲೇ ದುಡ್ಡಿನ ಟೇಬಲ್ ಮುಚ್ಚಿದವು. ಉಳಿದದ್ದು ಮೆಸೇಜ್ ಗ್ರೂಪಿನ ಲಿಂಕಿನಿಂದ ಇಳಿಸಿಕೊಳ್ಳುವ ಇಂಥವು. ಇವುಗಳಿಗೆ ದುಡ್ಡು ಹೋಗುವುದು ಯಾರೋ ಬಾಡಿಗೆಗೆ ಕೊಟ್ಟ ಖಾತೆಗಳ ಮೂಲಕ. ಅದೇ ಖಾತೆಗೆ ಬೇರೆಲ್ಲೋ ಮೋಸಹೋದವರ ದುಡ್ಡೂ ಬಂದಿರುತ್ತದೆ. ಅಂಥ ಖಾತೆಯಿಂದ ನಮಗೆ ಗೆದ್ದ ದುಡ್ಡು ಬಂತೆನ್ನಿ, ಯಾವುದೋ ಊರಿನ ಸೈಬರ್ ಪೊಲೀಸರ ಪತ್ರದ ಮೇಲೆ ನಮ್ಮ ಸಂಬಳದ ಖಾತೆಯನ್ನೇ ಬ್ಯಾಂಕು ತಡೆಹಿಡಿಯಬಹುದು. ಇದನ್ನು ಹೇಳಿದಾಗ ಅವನ ಮುಖ ಸಣ್ಣದಾಯಿತು. ಲಿಂಕು ಕೊಟ್ಟವನು ಅವನ ಆಫೀಸಿನ ಗೆಳೆಯ, ಇವನು ಸೋತದ್ದರಲ್ಲಿ ಅವನಿಗೆ ಪಾಲು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಆ ಗೆಳೆಯನ ಮೇಲೆ ಬಹಳ ಇದೆ. ದಿನಾ ಪಕ್ಕದಲ್ಲಿ ಕೂತು ಟೀ ಕುಡಿಯುವವನು.

“ಆ್ಯಪಲ್ಲಿ ಇರೋದನ್ನೆಲ್ಲ ನಿನ್ನ ಖಾತೆಗೆ ವಾಪಸ್ ತೆಗೆ, ಸ್ಕ್ರೀನ್‌ಶಾಟ್ ತೆಗೆದಿಡು, ಹೋದ ಪ್ರತಿ ಪೇಮೆಂಟಿನ ಯುಟಿಆರ್, ಅಂದ್ರೆ ವಹಿವಾಟಿನ ಗುರುತು ಸಂಖ್ಯೆ ಬರೆದಿಡು,” ಅಂದೆ. 14,200 ರೂಪಾಯಿಗೆ ಬೇಡಿಕೆ ಹಾಕಿದ.

ಶುಕ್ರವಾರ ಮತ್ತೆ ಬಂದ. ಮೊದಲು ಶೇಕಡಾ 30 ತೆರಿಗೆ ಕಟ್ಟಬೇಕು, ಆಮೇಲೆ ಬಿಡುಗಡೆ ಅಂತ ಆ್ಯಪು ಕೇಳುತ್ತಿತ್ತು, 4,260 ರೂಪಾಯಿ. ಶೇಕಡಾ 30ರ ಟಿಡಿಎಸ್ ನಿಯಮ 2023ರ ಏಪ್ರಿಲ್‌ನಿಂದ ಇದ್ದದ್ದು ನಿಜ. ಆದರೆ ಅದನ್ನು ಗೆದ್ದ ನಿವ್ವಳ ಮೊತ್ತದಿಂದ ಸೈಟೇ ಮುರಿದುಕೊಂಡು ಉಳಿದದ್ದನ್ನು ಕೊಡಬೇಕು. ಕೈಯಿಂದ ಕಟ್ಟಿಸಿಕೊಳ್ಳುವ ತೆರಿಗೆ ಅಲ್ಲ ಅದು.

“ಕಟ್ಟಿದ್ರೆ ಒಂದು ಗಂಟೇಲಿ ಬರತ್ತಂತೆ ಅಣ್ಣ. ಕಟ್ಲಾ?”

ಬೇಡ ಅಂದೆ. ಅವನ ಫೋನಿನಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಬರೆದಿಟ್ಟ ಯುಟಿಆರ್ ಸಂಖ್ಯೆಗಳನ್ನು ಒಂದೊಂದಾಗಿ ಓದಿಸಿದೆ. ಹನ್ನೊಂದು ಪೇಮೆಂಟು, ಹನ್ನೊಂದು ಹೆಸರು. ತೆರಿಗೆ ಕಟ್ಟಲು ಕೊಟ್ಟ ಕ್ಯೂಆರ್‌ನಲ್ಲಿದ್ದದ್ದು ಹನ್ನೆರಡನೆಯದು.